ಅಳಿಸದೆ ಬಿಟ್ಟ ಬಳೆಗಳು

ಹೊಸಪೇಟೆಯ ನಮ್ಮ ಮನೆಯಲ್ಲಿ ಅಡುಗೆಮನೆಗೆ ಒತ್ತಿಕೊಂಡೇ ನನ್ನ ಕಂಪ್ಯೂಟರ್ ಇದೆ. ಅಂದು ಅದರ ಮುಂದೆ ನಾನು, ನಮ್ಮವ್ವ ಮತ್ತು ಸಂಡೂರು ಕಡೆಯ ಲಂಬಾಣಿ ತಾಂಡಾದಿಂದ ಬಂದಿದ್ದ ಸೋಮ್ಲಿಬಾಯಿ ಕುಳಿತಿದ್ದೆವು. ಸೋಮ್ಲಿಬಾಯಿ ಕಸೂತಿಯ ಕೈಚೀಲ ಹೊಲಿದು ಮಾರುವವರು. ನಾನು ಮಾಡುವ ಮದುವೆ ಕಾರ್ಡುಗಳ ಅಂಚಿನ ಎಷ್ಟೋ ವಿನ್ಯಾಸಗಳು ಅವರ ಚೀಲಗಳನ್ನು ನೋಡಿಯೇ ಹೊಳೆದವು. ಆ ಪ್ರೀತಿಗೆ, ಅವರ ಚೀಲಗಳಿಗೆಂದು ಅವರದೇ ಚಿತ್ರವಿರುವ ಲೇಬಲ್ ಮಾಡಿದ್ದೆ.

"ನನ್ ಮೂಗು ಇಷ್ಟ್ ಚಂದ ಐತೇನವ್ವಾ?" ಎಂದು ನಕ್ಕರು. ಆಮೇಲೆ ಅವರ ಬೆರಳು ಚಿತ್ರದ ತೋಳಿನ ಮೇಲೆ ಬಂದು ನಿಂತಿತು. ಚಂದ ಕಾಣಲೆಂದು ನಾನು ಮುಂಗೈಯಿಂದ ಭುಜದವರೆಗೂ ಬಿಳಿ ಬಳೆ ತುಂಬಿಸಿದ್ದೆ.

ಗಂಡ ತೀರಿಕೊಂಡರೆ ಮೊಣಕೈ ಮೇಲಿನ ಬಳೆ ತೆಗೆಸುವುದು ಅವರಲ್ಲಿಯ ಪದ್ಧತಿ ಎಂದು ಅವ್ವ ನನ್ನ ಕಿವಿಯಲ್ಲಿ ಹೇಳಿದಳು. ಸೋಮ್ಲಿಬಾಯಿಯ ಗಂಡ ಹೋಗಿ ಆರು ವರ್ಷವಾಗಿತ್ತು.

"ತಪ್ಪಾತ್ರಿ, ಈಗ ಅಳಸ್ತೀನಿ" ಎಂದು ಮೌಸ್ ಹಿಡಿದೆ. ಅವರು ನನ್ನ ಕೈಯನ್ನು ಒತ್ತಿ ಹಿಡಿದರು.

"ಬ್ಯಾಡವ್ವಾ. ಒಂದ್ಸಲ ಎಲ್ಲಾರೂ ಕೂಡಿ ತಗಸ್ಯಾರ. ಈಗ ನೀನೂ ತಗೀತಿಯೇನು?"

"ತಾಂಡಾದ ಮಂದಿ ಏನಾರ ಅಂದ್ರ?" ಎಂದಳು ಅವ್ವ.

"ಅನ್ಲಿ ಬಿಡ್ರಿ. ಒಂದೊಂದ್ ಚೀಲ ತಗೊಂಡು ಅನ್ಲಿ."

ಅಚ್ಚಾದ ಲೇಬಲ್‌ಗಳನ್ನು ಕೊಡಲು ನಾನೇ ಅವರ ಮನೆಗೆ ಹೋಗಿದ್ದೆ. ಮೊದಲನೆಯದನ್ನು ಅವರು ಚೀಲಕ್ಕೆ ಹೊಲಿಯಲಿಲ್ಲ. ಒಳಗಿಂದ ನಾಲ್ಕು ಅಗುಳು ಅನ್ನ ತಂದು ಹಿಸುಕಿ, ಗೋಡೆಯ ಮೇಲಿದ್ದ ಗಂಡನ ಫೋಟೋದ ಪಕ್ಕಕ್ಕೆ ಅಂಟಿಸಿದರು.