ಕೊರಮೀನಿಗಾಗಿ ಹನ್ನೆರಡು ದಿನ

ಮೊನ್ನೆ ಮಳೆಯಲ್ಲಿ ನೆನೆದ ಹೊಸ ಚಪ್ಪಲಿಯನ್ನು ಬಾಗಿಲ ಮೂಲೆಯಲ್ಲಿ ಬಿಟ್ಟು ಮಲಗಿದ್ದೆ. ಬೆಳಗ್ಗೆ ಎದ್ದರೆ ಪಡಸಾಲೆಯ ತುಂಬ ಹಸಿ ತೊಗಲಿನ ವಾಸನೆ. ಸೊಸೆ ಮೂಗಿಗೆ ಸೆರಗು ಹಿಡಿದು, "ಮಾವ, ಇದನ್ನ ಆಚೆಗೆ ಇಡ್ಲಾ?" ಎಂದಳು. ಇಡಮ್ಮಾ ಎಂದೆ. ಚಪ್ಪಲಿ ಆಚೆಗೆ ಹೋಯಿತು, ವಾಸನೆ ಹೋಗಬೇಕಲ್ಲ! ಅದು ನನ್ನ ಕೊರಳಪಟ್ಟಿ ಹಿಡಿದು ನಲವತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗಿ, ಹೊಸಕೋಟೆ ಕಡೆಯ ನಮ್ಮೂರ ಕೆರೆಯ ನಡುನೀರಿನಲ್ಲಿ, ಒಂದು ಹಾಳು ಹರಿಗೋಲಿನೊಳಗೆ ಕೂರಿಸಿಬಿಟ್ಟಿತು.

ಹರಿಗೋಲು ಎಂದರೆ ನೀವು ನೋಡಿರಬಹುದು. ಬಿದಿರಿನ ದೊಡ್ಡ ಬುಟ್ಟಿ, ಅದರ ಅಡಿಗೆ ಎಮ್ಮೆ ತೊಗಲು. ನೋಡಿದರೆ ಮಗುವಿನಂಥ ಸಾಧು ವಸ್ತು. ಕೂತವನಿಗೇ ಗೊತ್ತು ಅದರ ಬುದ್ಧಿ. ಅದಕ್ಕೆ ಹಿಂದು ಮುಂದು ಇಲ್ಲ. ಬಲಗಡೆ ಹುಟ್ಟು ಹಾಕಿದರೆ ಎಡಕ್ಕೆ ಸುತ್ತುತ್ತದೆ, ಎಡಗಡೆ ಹಾಕಿದರೆ ಬಲಕ್ಕೆ ಸುತ್ತುತ್ತದೆ, ಸುಮ್ಮನೆ ಕೂತರೆ ಗಾಳಿಗೆ ತಾನಾಗಿ ಸುತ್ತುತ್ತದೆ. ನಿಮ್ಮಲ್ಲಿ ಯಾರಿಗಾದರೂ ಸಣ್ಣ ದೋಣಿಯಲ್ಲಿ ಒಬ್ಬರೇ ಕೂತು ಮೀನು ಹಿಡಿಯುವ ಹುಚ್ಚು ಹತ್ತಿದ್ದರೆ ಈಗಲೇ ಒಂದು ಮಾತು ಹೇಳಿಬಿಡುತ್ತೇನೆ: ಮೊದಲ ದಿನ ಗಾಳವನ್ನು ಮನೆಯಲ್ಲೇ ಬಿಟ್ಟು ಹೋಗಿ. ನನಗೂ ಹೀಗೆಯೇ ಹೇಳಿದ್ದರು. ನಾನು ಕೇಳಲಿಲ್ಲ. ನಾನು ಆ ವಯಸ್ಸಿನಲ್ಲಿ ಯಾರ ಮಾತನ್ನು ಕೇಳಿದ್ದೆ!

ಆಗ ಎರಡನೇ ಮಹಾಯುದ್ಧದ ಕಾಲ. ನಾನು ತರಕಾರಿ ವ್ಯಾಪಾರಕ್ಕೆ ಇಳಿದು ನಾಲ್ಕೈದು ವರ್ಷವಾಗಿತ್ತು. ತಲೆಹೊರೆಯಿಂದ ಶುರು ಮಾಡಿ ಸ್ವಂತ ಗಾಡಿ, ಸ್ವಂತ ಎತ್ತು ಎನ್ನುವವರೆಗೆ ಬಂದಿದ್ದೆ. ಸಂತೆಯಲ್ಲಿ ನನ್ನನ್ನು ಕಂಡರೆ ಬದನೆಕಾಯಿ ಮಾರುವವರು ಬೆಲೆ ಹೇಳುವ ಮೊದಲೇ ನಿಟ್ಟುಸಿರು ಬಿಡುತ್ತಿದ್ದರು ಎಂಬ ಕೀರ್ತಿ ನನ್ನದು. ಚೌಕಾಸಿ ಮಾಡಿದರೆ ಈ ಲೋಕದಲ್ಲಿ ಬಗ್ಗದ ಸಾಮಾನೇ ಇಲ್ಲ ಎಂದು ನಾನು ನಂಬಿದ್ದೆ.

ಆ ವರ್ಷ ಕೆರೆ ತುಂಬಿದ ತಿಂಗಳಲ್ಲೇ ನಮಗೆ ಮೊದಲ ಮಗು ಹುಟ್ಟಿತು, ಹೆಣ್ಣು. ಹೆರಿಗೆ ಕಷ್ಟದ್ದು. ನನ್ನ ಹೆಂಡತಿ ಅಕ್ಕಯಮ್ಮ ಗೋಡೆಯ ಬಣ್ಣಕ್ಕೆ ತಿರುಗಿದ್ದಳು. ಹಾಲು ಬರಲಿಲ್ಲ. ನಮ್ಮವ್ವ ಹಸುವಿನ ಹಾಲಿಗೆ ನೀರು ಬೆರೆಸಿ ಬತ್ತಿ ಅದ್ದಿ ಅದ್ದಿ ಮಗುವಿನ ಬಾಯಿಗೆ ಇಡುತ್ತಿದ್ದಳು, ಮಗು ಕಕ್ಕುತ್ತಿತ್ತು. ಅದರ ಅಳು ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಮಗು ಜೋರಾಗಿ ಅತ್ತರೆ ರೇಗಬಹುದು. ಸಣ್ಣಗೆ ಅತ್ತರೆ ಏನು ಮಾಡುವುದು?

"ಕೊರಮೀನಿನ ಸಾರು ಕುಡಿಸ್ಬೇಕು ಕಣಪ್ಪ," ಎಂದಳು ಅವ್ವ. "ನೀನು ಹುಟ್ಟಿದಾಗ ನಂಗೂ ಅದೇ ಕುಡಿಸಿದ್ದು. ಮೂರನೇ ದಿನಕ್ಕೆ ಹಾಲು ಇಳೀತದೆ."

ಇಷ್ಟೇ ತಾನೆ ಎಂದುಕೊಂಡು ಕೆರೆಗೆ ಹೋದೆ. ನಮ್ಮೂರ ಬೆಸ್ತರಲ್ಲಿ ಹಿರಿಯನಾದ ಪಿಳ್ಳಪ್ಪ ಏರಿಯ ಮೇಲೆ ಬಲೆ ಒಣಗಿಸುತ್ತಿದ್ದ. ಒಂದು ಕೊರಮೀನು ಕೊಡಣ್ಣ ಎಂದೆ. ಅವನು ತೂಬಿನ ಕಡೆ ಕಣ್ಣು ತೋರಿಸಿದ. ಅಲ್ಲಿ ಕೆರೆಯ ಮೀನಿನ ಗುತ್ತಿಗೆದಾರನ ಆಳು ಬೀಡಿ ಸೇದುತ್ತ ಕೂತಿದ್ದ. ಕೆರೆಯಲ್ಲಿ ಬಲೆಗೆ ಬಿದ್ದ ಮೀನೆಲ್ಲ ಅವನ ಬುಟ್ಟಿಗೆ, ಅಲ್ಲಿಂದ ಲಾರಿಯಲ್ಲಿ ಸಿಪಾಯಿಗಳ ಕ್ಯಾಂಪಿಗೆ. ಆ ಆಳಿನ ಹತ್ತಿರ ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಬೇಡಿದೆ, ರೇಗಿದೆ, ಬೇಡವೇ ಬೇಡ ಎಂದು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದೆ. ಅವನು ಕರೆಯಲಿಲ್ಲ. ನಾಲ್ಕು ಹೆಜ್ಜೆ ಹೋದ ಮೇಲೆ ಯಾರೂ ಕರೆಯದೆ ಇದ್ದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಪಿಳ್ಳಪ್ಪ ನಗಲಿಲ್ಲ. ಹತ್ತಿರ ಕರೆದು ಹೇಳಿದ: "ನಾನು ಕೊಟ್ರೆ ನನ್ನ ಹೊಟ್ಟೆಪಾಡು ಹೋಗ್ತದೆ. ಆದ್ರೆ ಈ ಕೆರೇಲಿ ಒಂದು ಕಟ್ಟಳೆ ಐತೆ. ಯಾರಾದ್ರೂ ತಮ್ಮ ಮನೆ ಮಡಕೇಗೆ ಅಂತ ತಾವೇ ಗಾಳ ಹಾಕಿ ಹಿಡ್ಕೊಂಡ್ರೆ ಗುತ್ತಿಗೆದಾರನೂ ಕೇಳಂಗಿಲ್ಲ, ಅವರಪ್ಪನೂ ಕೇಳಂಗಿಲ್ಲ. ನಿನ್ ಕೈಯಿಂದ್ಲೇ ಹಿಡೀಬೇಕು."

"ಏರಿ ಮೇಲಿಂದ ಹಿಡೀಲಾ?"

"ಏರಿ ಹತ್ರ ಸಿಗೋದು ಕಪ್ಪೆ. ಕೊರಮೀನು ಇರೋದು ನಡುನೀರಿನ ಜೊಂಡಲ್ಲಿ. ನನ್ನ ಹಳೇ ಹರಿಗೋಲು ಬಿದ್ದೈತೆ, ತಗೋ. ಒಂದು ವಾರ ಏರಿ ಮೇಲೆ ಕೂತು ನೀರು ನೋಡು. ಆಮೇಲೆ ಒಂದು ವಾರ ಬರೀ ಹುಟ್ಟು ಹಾಕೋದು ಕಲಿ. ಆಮೇಲೆ ಗಾಳ."

"ಎರಡು ವಾರನಾ! ಮಗು ಉಳೀಬೇಕಲ್ಲಣ್ಣ. ಇವತ್ತು ನೋಡ್ತೀನಿ, ನಾಳೆ ಹುಟ್ಟು, ನಾಡಿದ್ದು ಗಾಳ. ಆಯ್ತಾ?"

ಪಿಳ್ಳಪ್ಪ ನನ್ನ ಮುಖವನ್ನೇ ನೋಡಿದ. "ನೀನು ನನ್ ಹತ್ರ ಚೌಕಾಸಿ ಮಾಡ್ಬೋದು ಕಣಪ್ಪ. ಒಪ್ಕೊತೀನಿ. ಅದೂ ಒಪ್ಕೊಬೇಕಲ್ಲ," ಎಂದು ಕೆರೆಯ ಕಡೆ ಗಲ್ಲ ಎತ್ತಿದ.

ಹೀಗೆ ಎರಡು ವಾರದ ವಿದ್ಯೆಯನ್ನು ಮೂರು ದಿನಕ್ಕೆ ಇಳಿಸಿಕೊಂಡು, ಗೆದ್ದೆ ಎಂದು ಮನೆಗೆ ಹೋದೆ. ಆಮೇಲೆ ನಡೆದದ್ದನ್ನು ಏನು ಹೇಳಲಿ! ಬೆಳಗಿನ ವ್ಯಾಪಾರ ಮುಗಿಸಿ, ದಿನಾ ಮಧ್ಯಾಹ್ನ ಆ ನಾರುವ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹೊತ್ತು ನೀರಿಗಿಳಿಸುವುದು, ಕೂರುವುದು, ಬುಗುರಿಯಂತೆ ಸುತ್ತುವುದು. ನಾನು ಮೊದಲು ನಡುವೆ ಕೂತೆ. ನಡುವೆ ಕೂರಬಾರದು. ಮುಂದಿನ ಅಂಚಿಗೆ ಮಂಡಿಯೂರಿ, ಹುಟ್ಟನ್ನು ಎದುರಿಗೆ ಹಾಕಿ, ನೀರನ್ನು ನಮ್ಮ ಕಡೆಗೆ ಬಾಚಿಕೊಳ್ಳಬೇಕು, ಕಣದಲ್ಲಿ ರಾಗಿ ಬಾಚುತ್ತಾರಲ್ಲ ಹಾಗೆ. ಇದು ನನಗೆ ತಿಳಿಯಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನವೂ ಪಿಳ್ಳಪ್ಪ ಏರಿಯ ಮೇಲೆ ಬಲೆಯ ತೂತು ಹೊಲಿಯುತ್ತ ಕೂಗುತ್ತಲೇ ಇದ್ದ: "ಮುಂದಕ್ಕೆ ಕೂತ್ಕೋ! ಹಿಂದಕ್ಕಲ್ಲ! ಅಯ್ಯೋ, ಬಾಚ್ಕೋ ಮಾರಾಯಾ, ತಳ್ಳಬ್ಯಾಡ!" ಬಟ್ಟೆ ಒಗೆಯುವ ಹೆಂಗಸರು ಕಲ್ಲಿನ ಮೇಲೆ ಬಟ್ಟೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು. "ಗಾಣಕ್ಕೆ ಕಟ್ಟಿದ್ರೆ ಇಷ್ಟೊತ್ತಿಗೆ ಎಣ್ಣೆನಾದ್ರೂ ಬರ್ತಿತ್ತಲ್ಲೇ," ಎಂದು ಒಬ್ಬಳು ಎಂದದ್ದು ನೀರಿನ ಮೇಲೆ ತೇಲಿಕೊಂಡು ಬಂದು ನನ್ನ ಕಿವಿಗೇ ಬಿತ್ತು. ನೀರಿನ ಮೇಲೆ ಮಾತು ಬಹಳ ದೂರ ಹೋಗುತ್ತದೆ. ಇದನ್ನೂ ನೆನಪಿಟ್ಟುಕೊಳ್ಳಿ, ಕೆರೆಯ ನಡುವೆ ಕೂತು ಯಾರನ್ನೂ ಬೈಯಬೇಡಿ.

ಹುಟ್ಟು ಕೈಗೆ ಬಂತು ಎನ್ನುವಾಗ ಕಪ್ಪೆಯ ಕಾಟ. ಕೊರಮೀನಿಗೆ ಎರೆಹುಳು ಸಾಲದು, ಜೀವಂತ ಕಪ್ಪೆಮರಿ ಬೇಕು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಳ್ಳಿ. ನಾನು ಬುದ್ಧಿವಂತ, ಮುಚ್ಚಳವಿಲ್ಲದ ತಂಬಿಗೆಯಲ್ಲಿ ಒಯ್ದೆ. ಹರಿಗೋಲು ಒಮ್ಮೆ ಓಲಾಡಿತು, ಏಳು ಕಪ್ಪೆಗಳು ಏಳು ದಿಕ್ಕಿಗೆ ಹಾರಿ ಕೆರೆ ಸೇರಿದವು. ಮಾರನೆಯ ದಿನ ಗಾಳಕ್ಕೆ ಮೀನು ಬಂದೇ ಬಂತು. ಕೋಲು ಬಾಗಿತು. ನಾನು ನೆಲದ ಮೇಲಿದ್ದೇನೆ ಎಂಬಂತೆ ಎದ್ದು ನಿಂತೆ. ಹರಿಗೋಲಿನಲ್ಲಿ ಎದ್ದು ನಿಲ್ಲಬಾರದು ಎಂದು ನಾನು ಬರೆಯಬೇಕಾಗಿಲ್ಲ. ನೀರು ಕುಡಿದು, ಕೋಲು ಕಳೆದುಕೊಂಡು, ಬುಟ್ಟಿಯ ಅಂಚು ಹಿಡಿದು ಒದೆಯುತ್ತ ದಡಕ್ಕೆ ಬಂದೆ.

"ಕಚ್ಚಿದ ತಕ್ಷಣ ಯಾಕೆ ಎಳೆದೆ?" ಎಂದ ಪಿಳ್ಳಪ್ಪ. "ಅದು ನುಂಗೋ ತನಕ ಸುಮ್ನಿರ್ಬೇಕು. ಸಂತೇಲಿ ಬೆಲೆ ಕೇಳ್ಬಿಟ್ಟು ಆಕಾಶ ನೋಡ್ಕೊಂಡು ನಿಂತ್ಕೊತೀಯಲ್ಲ, ಹಂಗಿರ್ಬೇಕು."

ಮನೆಗೆ ಬಂದರೆ ಅಕ್ಕಯಮ್ಮ ಒದ್ದೆ ಬಟ್ಟೆ ನೋಡಿ, ಆ ನಿತ್ರಾಣದಲ್ಲೂ, "ಏನೂಂದ್ರೆ, ಮೀನು ನಿಮ್ಮನ್ನ ಹಿಡ್ದು ಬಿಟ್ಬಿಡ್ತಾ?" ಎಂದಳು. ನನಗೆ ಎಂಥಾ ಸಿಟ್ಟು ಬಂತೆಂದರೆ ಹೊಸ ಬಿದಿರು ಕಡಿಯಲು ಅದೇ ಕಾಲಲ್ಲಿ ಹೊರಟೆ.

ಪಿಳ್ಳಪ್ಪ ಮೊದಲ ದಿನವೇ ಇನ್ನೊಂದು ಮಾತು ಹೇಳಿದ್ದ. ಅದನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದೆ. "ನೀರಲ್ಲಿ ಕೆಂಪಗೆ ಕುಂಕುಮ ಚೆಲ್ಲಿದಂಗೆ ಕಂಡ್ರೆ ಅದು ಕೊರಮೀನಿನ ಮರಿಗಳು. ಸಾವಿರ ಇರ್ತವೆ. ಅವುಗಳ ಕೆಳಗೆ ಗಂಡು ಹೆಣ್ಣು ಕಾಯ್ತಾ ಇರ್ತವೆ. ಅಲ್ಲಿ ಗಾಳ ಬಿಟ್ರೆ ತಕ್ಷಣ ಕಚ್ತದೆ, ಹೊಟ್ಟೆ ಹಸಿದಲ್ಲ, ಮರಿ ಹತ್ರ ಏನೋ ಬಂತು ಅಂತ. ಅಂಥದ್ದನ್ನ ನಾವು ಹಿಡಿಯಲ್ಲ. ಕೆರೆ ಬತ್ತಿ ಒಲೇಲಿ ಏನೂ ಬೇಯ್ದೆ ಇದ್ದಾಗ್ಲೂ ಹಿಡಿಯಲ್ಲ."

ಹನ್ನೆರಡನೆಯ ದಿನ. ಮಗು ಬೆಳಗಿನಿಂದ ಅತ್ತಿರಲಿಲ್ಲ. ಅವ್ವ ನನ್ನ ಕೈಗೆ ಕೋಲು ಕೊಟ್ಟಳು. ಕೆರೆಯಲ್ಲಿ ಗಾಳಿಯಿಲ್ಲ. ಜೊಂಡಿನ ಹಿಂದೆ ಹೋದೆ, ಏರಿ ಅಲ್ಲಿಂದ ಕಾಣುವುದಿಲ್ಲ. ಅಲ್ಲಿ ನೀರು ಒಂದು ಮೊರದಗಲ ಕೆಂಪಗಿತ್ತು. ಒಮ್ಮೆ ಹಿಗ್ಗುತ್ತಿತ್ತು, ಒಮ್ಮೆ ಕುಗ್ಗುತ್ತಿತ್ತು. ಅದರ ಕೆಳಗೆ ಮೊಳದುದ್ದದ ಕಪ್ಪು ನೆರಳು ಮೇಲೆ ಬಂದು ಗಾಳಿ ಕುಡಿದು ಇಳಿಯಿತು. ಪಕ್ಕದಲ್ಲಿ ಇನ್ನೊಂದು.

ಎಷ್ಟು ಹೊತ್ತು ಕೂತಿದ್ದೆನೋ. ನನ್ನ ಜೊತೆ ನಾನೇ ಚೌಕಾಸಿ ಮಾಡಿದೆ. ಎರಡರಲ್ಲಿ ಒಂದು ತಾನೆ, ಇನ್ನೊಂದು ಕಾಯುತ್ತದೆ ಎಂದೆ. ಅವಕ್ಕೆ ಸಾವಿರ, ನನಗೆ ಒಂದು ಎಂದೆ. ಎಲ್ಲ ಮಾತೂ ಸರಿಯಾಗಿಯೇ ಇತ್ತು. ಒದ್ದೆ ಬಟ್ಟೆಯ ಗಂಟು ಬಿಚ್ಚಿ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸಿದೆ. ಕಪ್ಪೆ ನೀರಿಗೆ ಬೀಳುವುದಕ್ಕೂ ಮೀನು ನುಗ್ಗುವುದಕ್ಕೂ ಸರಿಹೋಯಿತು. ಕೂತೇ ಇದ್ದೆ, ಎದ್ದು ನಿಲ್ಲಲಿಲ್ಲ. ಮೊದಲ ಬಾರಿಗೆ ಎಲ್ಲವನ್ನೂ ಪಿಳ್ಳಪ್ಪ ಹೇಳಿಕೊಟ್ಟಂತೆಯೇ ಮಾಡಿದೆ.

ದಡದಲ್ಲಿ ಪಿಳ್ಳಪ್ಪ ಮೀನನ್ನು ನೋಡಿದ, ನಾನು ಬಂದ ದಿಕ್ಕನ್ನು ನೋಡಿದ.

"ಎಲ್ಲಿ ಸಿಕ್ತು?"

"ಕೋಡಿ ಹತ್ರ," ಎಂದೆ.

"ಹೂಂ. ಹರಿಗೋಲು ಬೋರಲು ಹಾಕಿಟ್ಟು ಹೋಗು. ಇನ್ನು ನಿಂಗೆ ಬೇಕಾಗಲ್ಲ."

ಅವ್ವ ಸಾರು ಮಾಡಿದಳು. ಅಕ್ಕಯಮ್ಮ ಮೂರು ದಿನ ಕುಡಿದಳು. ಸಾರಿನ ಗುಣವೋ, ದಿನ ತುಂಬಿತ್ತೋ, ನಾಲ್ಕನೆಯ ದಿನ ಬೆಳಗ್ಗೆ ಮಗು ಹೊಟ್ಟೆ ತುಂಬಿ ಬಿಕ್ಕಳಿಸುವ ಸದ್ದು ಕೇಳಿ ನಾನು ಎತ್ತಿಗೆ ಹಾಕುವ ಹುಲ್ಲನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಆ ಮಗುವಿಗೆ ಈಗ ಮೊಮ್ಮಗ ಆಗುವ ಹೊತ್ತು.

ಆಮೇಲೆ ಹದಿನೈದು ಇಪ್ಪತ್ತು ದಿನ, ಗಾಡಿಯಲ್ಲಿ ಏರಿಯ ಮೇಲೆ ಹೋಗುವಾಗಲೆಲ್ಲ ಆ ಹಳೆಯ ಹರಿಗೋಲು ಜೊಂಡಿನ ಹತ್ತಿರ ನಿಂತಿರುವುದು ಕಾಣುತ್ತಿತ್ತು, ಒಳಗೆ ಪಿಳ್ಳಪ್ಪ. ನನಗೆ ಮೈಯುರಿಯಿತು. ನನಗೆ ಅಷ್ಟು ಬುದ್ಧಿ ಹೇಳಿದವನು, ಉಳಿದ ಮೀನನ್ನು ತಾನೇ ಹಿಡಿಯಲು ಕೂತಿದ್ದಾನಲ್ಲ! ಸದ್ಯ, ತಪ್ಪಿನಲ್ಲಿ ಪಾಲುದಾರ ಸಿಕ್ಕಿದ ಎಂದು ಒಂದು ಬಗೆಯ ನೆಮ್ಮದಿಯೂ ಆಯಿತು. ಅವನು ಸಾಯುವವರೆಗೂ ನಾವು ಎದುರಾದರೆ ಮಳೆ ಬೆಳೆ ಮಾತಾಡುತ್ತಿದ್ದೆವು, ಮೀನಿನ ಮಾತು ಆಡಲಿಲ್ಲ.

ಇಷ್ಟನ್ನು ಬರೆದು ಮುಗಿಸಿ ನಿನ್ನೆ ಅಕ್ಕಯಮ್ಮನಿಗೆ ಓದಿ ಹೇಳಿದೆ. ಅವಳಿಗೆ ಕಣ್ಣಿಗೆ ಪೊರೆ ಬಂದಿದೆ, ಓದಲಾಗದು. ಜೊಂಡಿನ ಹಿಂದಿನ ಕೆಂಪು ನೀರಿನ ಮಾತು ಬಂದಾಗ ನನ್ನ ದನಿ ಇಳಿಯಿತು. ಇಷ್ಟು ವರ್ಷ ಯಾರಿಗೂ ಹೇಳದೆ ಇದ್ದದ್ದು ಅದೊಂದೇ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ.

"ನಂಗೊತ್ತಿತ್ತು," ಎಂದಳು.

"ಏನು ಗೊತ್ತಿತ್ತು?"

"ಎಲ್ಲಿ ಹಿಡಿದ್ರಿ ಅಂತ. ಮಾರನೇ ದಿನ ನೀವು ಗಾಡಿ ಕಟ್ಕೊಂಡು ಹೋದ್ಮೇಲೆ ಪಿಳ್ಳಪ್ಪಣ್ಣ ಹಿತ್ತಲ ಬಾಗಿಲಿಗೆ ಬಂದಿದ್ದ. 'ತಾಯಿ, ಯೋಚ್ನೆ ಮಾಡ್ದೆ ಕುಡಿ. ಇನ್ನೊಂದು ಮೀನು ಮರಿಗಳ ಜೊತೇಲೇ ಐತೆ. ಮರಿ ತಿನ್ನೋಕೆ ನೀರುಕಾಗೆ ಬರದಂಗೆ ನಾನು ಹೋಗಿ ಕೂತ್ಕೊತೀನಿ, ಅವು ದೊಡ್ಡವಾಗೋ ತನಕ' ಅಂದ. ಗೊತ್ತಿದ್ದೇ ಕುಡಿದೆ. ಕುಡೀದೆ ಏನ್ಮಾಡ್ಲಿ, ಮಗು ನನ್ ಮಡಿಲಲ್ಲಿತ್ತು."

ನಾನು ಕಾಗದ ಕೆಳಗಿಟ್ಟೆ. ಹದಿನೈದು ಇಪ್ಪತ್ತು ದಿನ ಅವನನ್ನು ದೂರದಿಂದ ನೋಡಿ ಹಲ್ಲು ಕಡಿದದ್ದು, ಆಮೇಲೆ ಅವನ ಮಣ್ಣಿಗೆ ಹೋದಾಗಲೂ ಮನಸ್ಸಿನಲ್ಲಿ ಅದನ್ನೇ ಇಟ್ಟುಕೊಂಡಿದ್ದದ್ದು, ಎಲ್ಲ ಒಟ್ಟಿಗೆ ನೆನಪಿಗೆ ಬಂತು. ನನಗೆ ಅವಳ ಮೇಲೆಯೇ ಸಿಟ್ಟು ಬಂತು.

"ಅಲ್ಲವೇ, ಇಷ್ಟು ವರ್ಷ ಒಂದು ಮಾತು ಹೇಳ್ಬಾರ್ದಾ ನಂಗೆ? ಆಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ," ಎಂದಳು, ಸಿಪ್ಪೆಯನ್ನು ಒಂದು ಕಡೆಗೆ ಸರಿಸುತ್ತ, "ಇನ್ನೊಂದು ಓಡಿಹೋಗ್ದೆ ಅಲ್ಲೇ ಇದೆ ಅಂತ ನೀವು ಮಾರನೇ ದಿನವೇ ಕೋಲು ತಗೊಂಡು ಹೋಗ್ತಿದ್ರಿ."

ಬಾಯಿ ತೆರೆದೆ. ಯಾವ ಸಂತೆಯಲ್ಲೂ ಮಾತಿಗೆ ತಡವರಿಸಿದವನಲ್ಲ ನಾನು. ಆದರೆ ಅವಳ ಪಕ್ಕ ಕೂತು ನಾನೂ ಅವರೆಕಾಯಿ ಸುಲಿಯತೊಡಗಿದೆ. ಯಾಕೆಂದರೆ, ಹೋಗುತ್ತಿದ್ದೆ.