ರಸ್ತೆ ದಾಟಲು ಹೆದರುತ್ತಿದ್ದ ಟೀಚರ್

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಎದ್ದು ಹೋಗಿದ್ದೇನೆ. ಈಗ ಕೈ ನಡುಗುವ ವಯಸ್ಸು. ಇನ್ನೂ ಮುಂದೂಡಿದರೆ ನನ್ನ ಜೊತೆಗೇ ಹೋಗುತ್ತದೆ.

ಲಗ್ಗೆರೆಯ ನಮ್ಮ ಸರ್ಕಾರಿ ಶಾಲೆಯ ನಾಲ್ಕನೇ ತರಗತಿ ಟೀಚರ್‌ಗೆ ಲಾರಿಗಳೆಂದರೆ ಜೀವಭಯ. ಸಂಜೆ ಅವರು ಹತ್ತಬೇಕಾದ ಬಸ್ಸು ರಿಂಗ್ ರೋಡಿನ ಆಚೆ ನಿಲ್ಲುತ್ತಿತ್ತು. ಚೀಲವನ್ನು ಎದೆಗೊತ್ತಿಕೊಂಡು, ಆ ಕಡೆ ಹೋಗುವ ಮಕ್ಕಳಿಗೆ, "ಕೈ ಹಿಡ್ಕೊಂಡು ನನ್ನ ದಾಟಿಸ್ರಪ್ಪ," ಎನ್ನುವರು. ಮಕ್ಕಳು ನಗುತ್ತಾ ದಾಟಿಸುವರು. ತರಗತಿಯಲ್ಲಿ ಮಾತ್ರ ಅವರು ಯಾರನ್ನೂ ಹೆದರಿಸಿದವರಲ್ಲ. ತಡವರಿಸುವ ಮಗುವಿಗೆ, "ಅವಸರ ಏನಿದೆ? ಅಕ್ಷರ ಎಲ್ಲೂ ಓಡಿಹೋಗಲ್ಲ ಕಣೇ," ಎನ್ನುವರು.

ಆಗ ನಾನು ಶಾಲಾ ಸಮಿತಿಯ ಅಧ್ಯಕ್ಷ. ಮಕ್ಕಳ ಓದು ಪರೀಕ್ಷಿಸಲು ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರೆಂದೂ, ಓದು ಬಾರದಿದ್ದರೆ ಶಾಲೆ ಮುಚ್ಚಿ ರಸ್ತೆಯಾಚೆ ದೂರದ ಶಾಲೆಗೆ ಸೇರಿಸುತ್ತಾರೆಂದೂ ಸುದ್ದಿ ಹಬ್ಬಿತು. ಹಾಗಾದರೆ ನಮ್ಮ ಶಾಲೆಯಲ್ಲೇ ಓದುತ್ತಿದ್ದ ನನ್ನ ಮೊಮ್ಮಗಳು ದಿನಾ ಆ ಲಾರಿಗಳ ನಡುವೆ ದಾಟಬೇಕಿತ್ತು.

ಸಾಹೇಬರು ಬರುವ ಹಿಂದಿನ ಸಂಜೆ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಶರಣಮ್ಮನ ಕೋಣೆಗೆ ಹೋದೆ. ಅದು ರಿಂಗ್ ರೋಡಿನ ಆಚೆ ಬದಿಯಲ್ಲೇ ಇತ್ತು. ಅವಳ ಮಗಳು ಲಕ್ಷ್ಮಿ ನಾಲ್ಕನೇ ತರಗತಿಗೆ ಬಂದರೂ ಇನ್ನೂ ಅಕ್ಷರ ಕೂಡಿಸುತ್ತಿದ್ದಳು.

"ನಾಳೆ ಹುಡುಗೀನ ಕಳಿಸ್ಬೇಡಮ್ಮ."

"ಆತ್ರೀ ಅಣ್ಣಾರ. ಹೊರಗ ಚಿಲಕಾ ಹಾಕಿ ಕೆಲಸಕ್ಕ ಹೋಗ್ತೀನ್ರೀ."

ಹಾಗೆ ಮಾಡಬೇಡ ಎನ್ನಲಿಲ್ಲ ನಾನು.

ಮರುದಿನ ಹಾಜರಿ ಕರೆಯುವಾಗ ಶರಣಮ್ಮನ ಪಕ್ಕದ ಮನೆಯ ಮಗುವೊಂದು, "ಲಕ್ಷ್ಮಿ ಒಳಗೇ ಅಳ್ತಾವ್ಳೆ ಮಿಸ್, ಚಿಲಕ ಹಾಕವ್ರೆ," ಎಂದಿತು. ಟೀಚರ್ ಎದ್ದು ಹೊರಟೇಬಿಟ್ಟರು. ಸ್ವಲ್ಪ ಹೊತ್ತಿಗೆ ಸಾಹೇಬರ ಜೀಪು ಬಂತು.

"ಟೀಚರ್ ಎಲ್ರೀ?" ಸಾಹೇಬರು ಗದರಿದರು.

ನಾನು ಮುಂದೆ ಬಂದೆ. "ಆಯಮ್ಮ ಇಂಗೇ ಸಾರ್. ಹೇಳ್ದೆ ಕೇಳ್ದೆ ಹೊರಟ್ಬಿಡ್ತಾರೆ."

ತಿರುಗಿದರೆ ಬಾಗಿಲಲ್ಲಿ ಅವರೇ. ಬೆವರಿಳಿಯುವ ಮುಖ, ಕೈಯಲ್ಲಿ ಲಕ್ಷ್ಮಿಯ ಕೈ. ಆ ರಸ್ತೆಯನ್ನು ಒಬ್ಬರೇ ದಾಟಿ ಹೋಗಿದ್ದರು. ನನ್ನ ಮಾತು ಕೇಳಿಸಿತ್ತು. ಆದರೂ ಸಾಹೇಬರಿಗೆ, "ಇವಳನ್ನೂ ಓದಿಸಿ ಸಾರ್," ಎಂದಷ್ಟೇ ಹೇಳಿದರು.

ಬಿಕ್ಕುತ್ತಲೇ ಲಕ್ಷ್ಮಿ ಓದಿದಳು: "ಮ... ರ. ಮರ."

ಶಾಲೆ ಉಳಿಯಿತು. ನನ್ನ ಆ ಮಾತಿನ ಮೇಲೆ ಟೀಚರ್‌ಗೆ ವರ್ಗವಾಯಿತು.

ಕೊನೆಯ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವರು ರಸ್ತೆಯಂಚಿನಲ್ಲಿ ನಿಂತಿದ್ದರು. "ಅಧ್ಯಕ್ಷರೇ, ದಾಟಿಸ್ತೀರಾ?" ಎಂದು ಚೀಲದ ಒಂದು ಹಿಡಿಯನ್ನು ನನ್ನತ್ತ ಚಾಚಿದರು. ಇಬ್ಬರೂ ಒಂದೊಂದು ಹಿಡಿ ಹಿಡಿದು ದಾಟಿದೆವು. ಆಚೆ ಮುಟ್ಟಿದ ಮೇಲೆ ಮೆಲ್ಲಗೆ, "ಆ ಮಗು ಈಗ್ಲೂ ಬಾಗಿಲು ಮುಚ್ಚಿದ್ರೆ ಬೆಚ್ಚಿಬೀಳ್ತಾಳೆ. ಸ್ವಲ್ಪ ನೋಡ್ಕೊಳ್ಳಿ," ಎಂದರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಬಸ್ಸು ಬಂತು.

ಅವರ ಹೆಸರು ವಿಶಾಲಾಕ್ಷಿ.