ಪರದೆಗೆ ಬೆನ್ನು ಹಾಕಿ ನಿಲ್ಲುವ ಅಕ್ಕ

ಬೆಳಕು ಸರಿಯಾಗಿ ಹರಿಯುವ ಮೊದಲೇ ಅಕ್ಕ ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯ ಬಾಗಿಲು ತೆರೆಯುತ್ತಾರೆ. ಮಂಚಕ್ಕೆ ಹೊಸ ಹೊದಿಕೆ ಹಾಸಿ, ದಿಂಬಿನ ಪಕ್ಕ ಬಟ್ಟಲಿಟ್ಟು, ಹೊಟ್ಟೆಯೊಳಗೆ ಇಳಿಸುವ ಕಪ್ಪು ಕೊಳವೆಯನ್ನು ಔಷಧದ ನೀರಿನಿಂದ ಎತ್ತಿ ತೊಳೆಯುತ್ತಾರೆ. ಡಾಕ್ಟರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಅವರು ಅಕ್ಕನೇ.

ಕೊಳವೆ ಗಂಟಲಿಗೆ ಇಳಿಯುವಾಗ ರೋಗಿಯ ತಲೆ ಹಿಡಿಯುವುದು ಅವರ ಕೆಲಸ. ಹೊಟ್ಟೆಯ ಒಳಭಾಗ ಪರದೆಯ ಮೇಲೆ ಕಾಣುತ್ತದೆ. ಅಕ್ಕ ಮಾತ್ರ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ. "ಅದನ್ನ ನೋಡೋಕೆ ಡಾಕ್ಟರಿದ್ದಾರೆ. ನಾನು ರೋಗಿ ಮುಖ ನೋಡ್ಕೋಬೇಕು."

ಅವರ ಗಂಡ ಗ್ಯಾರೇಜಿನಲ್ಲಿ ವೆಲ್ಡರ್ ಆಗಿದ್ದರು. ಎದೆಯುರಿಗೆ ಅಂಗಡಿಯಿಂದ ಅಸಿಡಿಟಿ ಮಾತ್ರೆ ತಂದು, ಯಾರನ್ನೂ ಕೇಳದೆ ವರ್ಷಗಟ್ಟಲೆ ನುಂಗಿದರು. "ಉರಿ ನಿಂತಿತ್ತು. ಒಳಗಿನ ಗಡ್ಡೆ ನಿಂತಿರಲಿಲ್ಲ. ಒಳಗೆ ರಕ್ತ ಸೋರಿ ಮಲ ಕಪ್ಪಗಾದ್ರೂ ಹೇಳಲಿಲ್ಲ, ನಾಚಿಕೆ." ಅವರು ಇದೇ ಮಂಚದ ಮೇಲೆ ಮಲಗಿದ್ದ ದಿನ ಅಕ್ಕ ಪರದೆ ನೋಡಿದರು. ಗಂಡ ಅಕ್ಕನ ಮುಖ ನೋಡಿದರು. "ಆಮೇಲೆ ಡಾಕ್ಟರು ಹೇಳೋದೇ ಬೇಕಾಗಲಿಲ್ಲ."

ಇವತ್ತು ಬಾಗಿಲಾಚೆ ಬೆಂಚಿನ ಮೇಲೆ ಮೈದುನ ಕೂತಿದ್ದಾನೆ. ಅದೇ ಗ್ಯಾರೇಜು, ಅದೇ ಉರಿ, ಅಂಗಿ ಜೇಬಿನಲ್ಲಿ ಅದೇ ಮಾತ್ರೆ. ಸಡಿಲವಾದ ಬೆಲ್ಟಿಗೆ ಹೊಸ ತೂತು ಕೊರೆದುಕೊಂಡಿದ್ದಾನೆ. ಆ ತೂತು ಕಂಡೇ ಅಕ್ಕ ಅವನನ್ನು ಎಳೆದು ತಂದದ್ದು.

"ಅತ್ತಿಗೆ, ಗ್ಯಾಸ್ ವೆಲ್ಡಿಂಗ್ ಮಾಡೋನಿಗೆ ಗ್ಯಾಸ್ ಬರದೆ ಇನ್ನೇನು ಬರುತ್ತೆ? ಒಂದು ಮಾತ್ರೆ ನುಂಗಿದ್ರೆ ತಣ್ಣಗಾಗುತ್ತೆ."

"ನಿಮ್ಮಣ್ಣನೂ ಹಂಗೇ ತಣ್ಣಗಾದ್ರು. ಬಾಯಿ ಮುಚ್ಕೊಂಡು ಬಾ."

"ಬಾಯಿ ಮುಚ್ಕೊಂಡ್ರೆ ಕೊಳವೆ ಎಲ್ಲಿಂದ ಹಾಕ್ತೀರಿ?"

ಅಕ್ಕ ನಗುವುದಿಲ್ಲ. ಮಾತ್ರೆಯ ಮೇಲೆ ಅವರಿಗೆ ಹಗೆಯೇನೂ ಇಲ್ಲ. "ಡಾಕ್ಟರು ಹೇಳಿದಷ್ಟು ದಿನ ತಗೊಂಡು ಹುಣ್ಣು ವಾಸಿಯಾದೋರನ್ನ ಇಲ್ಲೇ ನೋಡಿದ್ದೀನಿ. ಉರಿ ಮತ್ತೆ ಮತ್ತೆ ಬಂದ್ರೆ, ಮೈ ಇಳಿದ್ರೆ, ನುಂಗ್ತಾ ಕೂರಬಾರದು. ಬಂದು ತೋರಿಸ್ಬೇಕು."

ಕೊಳವೆ ಇಳಿಯುತ್ತದೆ. ಮೈದುನ ಓಕರಿಸುತ್ತಾನೆ. ನೀರು ತುಂಬಿದ ಕಣ್ಣು ಅತ್ತಿಗೆಯ ಮುಖ ಬಿಟ್ಟು ಕದಲುವುದಿಲ್ಲ. ಡಾಕ್ಟರ ಕೈ ಒಂದು ಕಡೆ ನಿಲ್ಲುತ್ತದೆ. ಒಳಗಿಂದ ಚೂರು ಮಾಂಸ ತೆಗೆದು, ಪರೀಕ್ಷೆಗೆಂದು ಸೀಸೆಗೆ ಹಾಕುತ್ತಾರೆ.

"ಉಸಿರು ಎಳ್ಕೋ ಮರಿ. ಆಯ್ತು, ಆಯ್ತು," ಎನ್ನುತ್ತಾರೆ ಅಕ್ಕ.

ಅವನು ಹೋದ ಮೇಲೆ ಮತ್ತೆ ಕೊಳವೆ ತೊಳೆಯುತ್ತಾರೆ. ಇವತ್ತಾದರೂ ತಿರುಗಿ ನೋಡಬೇಕು ಅನ್ನಿಸಲಿಲ್ಲವೇ ಎಂದು ಕೇಳಿದರೆ, ಕೊಳವೆಯನ್ನು ಇನ್ನೊಮ್ಮೆ ನೀರಿಗೆ ಅದ್ದುತ್ತಾರೆ.

"ಕುತ್ತಿಗೆ ತಾನಾಗೇ ತಿರುಗ್ತಿತ್ತು. ಬಿಡಲಿಲ್ಲ." ಕೈ ನೀರಿನಲ್ಲೇ ಇದೆ. "ರಿಪೋರ್ಟ್ ಬರೋವರೆಗಾದ್ರೂ ಅವನು ನಿದ್ದೆ ಮಾಡ್ಲಿ."